ಹೊಲಿಗೆ ಕೋಣೆ ಶಾಲೆಯಾದ ವರ್ಷ

ಹಿನಕಲ್ ಆಗ ಪೂರ್ತಿ ಊರೂ ಅಲ್ಲ, ಪೂರ್ತಿ ಮೈಸೂರೂ ಅಲ್ಲ. ಹುಣಸೂರು ರಸ್ತೆಯ ಬಸ್ಸಿನ ಹಾರ್ನು, ಹಿತ್ತಲಿನ ಎಮ್ಮೆಯ ಕೂಗು ಎರಡೂ ಒಂದೇ ಕಿಟಕಿಯಿಂದ ಒಳಗೆ ಬರುತ್ತಿದ್ದ ಕಾಲ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಸೈಟಿನ ಕಲ್ಲುಗಳನ್ನು ನೆಟ್ಟಿದ್ದರು. ಆ ಕಲ್ಲುಗಳ ನಡುವೆಯೇ ನಾವು ಸಂಜೆ ಕತ್ತಲಾಗುವವರೆಗೆ ಲಗೋರಿ ಆಡುತ್ತಿದ್ದೆವು. ಅಪ್ಪ ಬೇಸಾಯ ಬಿಟ್ಟು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಮ್ಮ ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ಬ್ಲೌಸು ಹೊಲಿಯುತ್ತಿದ್ದಳು. ಮನೆಯಲ್ಲಿ ಇನ್ನಿಬ್ಬರು ಅಂದರೆ ಅಪ್ಪನ ತಾಯಿ, ನಮ್ಮ ಅಜ್ಜಿ, ಮತ್ತು ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಮಂಜುಳ. ಅವಳನ್ನು ಎಲ್ಲರೂ ಮಂಜಿ ಅನ್ನುತ್ತಿದ್ದೆವು.

ಬೇರೆ ಮಕ್ಕಳೆಲ್ಲ ಬೀದಿಯಲ್ಲಿರುವಾಗ ತಾವೊಬ್ಬರೇ ಮನೆಯೊಳಗೆ ಉಳಿದ ದಿನಗಳು ನಿಮ್ಮಲ್ಲೂ ಹಲವರಿಗೆ ನೆನಪಿರಬಹುದು. ಯಾರಿಗೋ ಕಾಮಾಲೆ, ಯಾರಿಗೋ ಟೈಫಾಯ್ಡ್, ಇನ್ಯಾರಿಗೋ ಮುರಿದ ಕೈ. ನನ್ನ ಪಾಲಿಗೆ ಅದು ಸ್ವಲ್ಪ ಉದ್ದವಾಯಿತು.

ಎರಡನೇ ಕ್ಲಾಸು ಮುಗಿದ ಬೇಸಿಗೆ ರಜೆ. ನನಗೆ ಎಂಟು ತುಂಬಿತ್ತು. ಓಡುವಾಗ ಎಡಗಾಲು ಯಾಕೋ ಹಿಂದೆ ಉಳಿಯತೊಡಗಿತು. ನೋವು ಅನ್ನುವಷ್ಟು ನೋವಿಲ್ಲ, ಆದರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಅಜ್ಜಿ ಮೊದಮೊದಲು ನಂಬಲೇ ಇಲ್ಲ.

"ಆಟಕ್ಕೆ ಓಗುವಾಗ ನೋಯದಿರೋ ಕಾಲು ಅಂಗಡಿಗೆ ಓಗು ಅಂದ್ರೆ ಮಾತ್ರ ಎಂಗ್ಲಾ ನೋಯ್ತದೆ?" ಎಂದು ನಕ್ಕಳು.

ಆಮೇಲೆ ಅವಳೇ ಹರಳೆಣ್ಣೆ ಬಿಸಿ ಮಾಡಿ ದಿನಾ ತಿಕ್ಕಿದಳು. ಎಣ್ಣೆಯ ವಾಸನೆ ಚಾಪೆಗೆ, ದಿಂಬಿಗೆ, ನನ್ನ ಪುಸ್ತಕಗಳಿಗೆಲ್ಲ ಹತ್ತಿತು. ಕಾಲು ಮಾತ್ರ ಸರಿಯಾಗಲಿಲ್ಲ. ಕೊನೆಗೆ ಅಪ್ಪ ರಜೆ ಹಾಕಿ ನನ್ನನ್ನೂ ಅಮ್ಮನನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅಮ್ಮನಿಗೆ ತೋರಿಸಿದರು.

"ತೊಡೆ ಮೂಳೆಯ ತಲೆ ಸೊಂಟದ ಕೀಲೊಳಗೆ ಕೂತಿರುತ್ತಲ್ಲ, ಅದಕ್ಕೆ ರಕ್ತ ಸರಿಯಾಗಿ ಹೋಗ್ತಾ ಇಲ್ಲಮ್ಮ. ಮೆತ್ತಗಾಗಿದೆ. ತಾನೇ ಮತ್ತೆ ಗಟ್ಟಿಯಾಗುತ್ತೆ, ಹೆದರ್ಬೇಡಿ. ಆದ್ರೆ ಅಲ್ಲೀವರೆಗೆ ಇವನು ಆ ಕಾಲ್ಮೇಲೆ ನಿಲ್ಲಬಾರದು. ಏಳೆಂಟು ತಿಂಗಳಾದ್ರೂ ಬೇಕು. ಈಗ ಓಡಾಡಿಬಿಟ್ರೆ ಮೂಳೆ ಚಪ್ಪಟೆಯಾಗಿ ಜೀವಮಾನ ಪೂರ್ತಿ ಕುಂಟಬೇಕಾಗುತ್ತೆ."

ತೊಡೆಯಿಂದ ಪಾದದವರೆಗೆ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿದರು. ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಲಾಗಿ ಒಂದು ಮರದ ಕೋಲು ಸೇರಿಸಿ ಕಟ್ಟಿದರು. ಅಪ್ಪ ನನ್ನನ್ನು ಎತ್ತಿಕೊಂಡು ಮನೆಗೆ ಬಂದಾಗ ಬಾಗಿಲಲ್ಲಿ ಸಿಕ್ಕಿಕೊಂಡೆವು. ಬೀರುವನ್ನು ಒಳಗೆ ತರುವ ಹಾಗೆ ನನ್ನನ್ನು ಓರೆ ಮಾಡಿ, ತಿರುಗಿಸಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಒಳಗೆ ತೂರಿಸಬೇಕಾಯಿತು. ಮಂಜಿ ಚಪ್ಪಾಳೆ ತಟ್ಟಿ ನಕ್ಕಳು. ನಾನೂ ನಕ್ಕೆ. ಅಮ್ಮ ನಗಲಿಲ್ಲ.

ಶಾಲೆ ಶುರುವಾಗುವ ವಾರ ಅಮ್ಮ ಒಬ್ಬಳೇ ಹೆಡ್ ಮಿಸ್ಸನ್ನು ನೋಡಲು ಹೋದಳು. ಹಿಂದಿರುಗಿ ಬಂದು ನೀರು ಕುಡಿದು, ಚೊಂಬನ್ನು ಕೆಳಗಿಡದೆಯೇ ಅಪ್ಪನಿಗೆ ಹೇಳಿದಳು.

"ಮೂರನೇ ಕ್ಲಾಸು ಮಹಡಿ ಮೇಲಿದೆಯಂತೆ. ಇವನು ಕೂರೋಕೆ ಬೆಂಚೂ ಆಗಲ್ಲ. ಒಂದು ವರ್ಷ ಮನೇಲಿರ್ಲಿ, ಬರೋ ವರ್ಷ ಮೂರನೇ ಕ್ಲಾಸಿಗೇ ಬರ್ಲಿ ಅಂದ್ರು."

"ಸರಿ, ಬುಡು. ಒಂದು ವರ್ಷ ತಾನೆ," ಅಂದ ಅಪ್ಪ. "ಮೊದ್ಲು ಕಾಲು ನೆಟ್ಟಗಾಗ್ಲಿ."

"ಅವನ ಜೊತೆಯವರೆಲ್ಲ ನಾಲ್ಕನೇ ಕ್ಲಾಸಲ್ಲಿ ಇರ್ತಾರೆ ಕಣ್ರೀ. ಕುಂಟ ಅಂತ ಒಂದು, ಹಿಂದೆ ಬಿದ್ದೋನು ಅಂತ ಇನ್ನೊಂದು. ಎರಡೆರಡು ಹೆಸ್ರು ಯಾಕೆ ನನ್ನ ಮಗನಿಗೆ?"

ಅಮ್ಮ ಮಾತು ಮುಂದುವರಿಸಿದಳು. "ನಾನು ಕೇಳ್ಬುಟ್ಟೆ. ಮನೇಲೇ ಮೂರನೇ ಕ್ಲಾಸಿಂದೆಲ್ಲ ಕಲ್ತಿದ್ರೆ ಪರೀಕ್ಷೆ ಮಾಡಿ ನಾಲ್ಕಕ್ಕೆ ತಗೋತೀರಾ ಮಿಸ್ ಅಂತ. ಯಾರು ಕಲಿಸ್ತಾರೆ ಅಂದ್ರು. ನಾನೇ ಅಂದೆ."

"ಅದಕ್ಕವರು?"

"ನೋಡೋಣ ಅಂದ್ರು. ಅಷ್ಟು ಸಾಕು ನಂಗೆ."

ಮಾರನೇ ದಿನ ಮಧ್ಯಾಹ್ನ ಅಮ್ಮ ಮಾಡಿದ ಕೆಲಸವನ್ನು ಇವತ್ತಿಗೂ ನಾನು ಮರೆತಿಲ್ಲ. ಮೆಷಿನ್ ಮೇಲೆ ಅರ್ಧ ಹೊಲಿದ ಬ್ಲೌಸು ಹಾಗೇ ಇತ್ತು. ನಡುಮನೆಯಲ್ಲಿ ಮಲಗಿದ್ದ ನಾನು ಬಾಗಿಲಿನಿಂದ ನೋಡುತ್ತಿದ್ದಂತೆಯೇ, ಹೊಲಿಗೆ ಕೋಣೆಯ ನೆಲದ ಮೇಲೆ ಚಾಪೆ ಹಾಸಿ, ಸೀರೆ ನೆರಿಗೆಯನ್ನು ಒತ್ತಟ್ಟಿಗೆ ಮಾಡಿಕೊಂಡು, ನನ್ನ ಹಾಗೆಯೇ ಕಾಲು ಅಗಲಿಸಿ ಅಂಗಾತ ಮಲಗಿಬಿಟ್ಟಳು. ಐದು ನಿಮಿಷವಲ್ಲ, ಹತ್ತು ನಿಮಿಷವಲ್ಲ. ಸೂರು ನೋಡಿದಳು, ಗೋಡೆ ನೋಡಿದಳು, ಬಲಕ್ಕೆ ಕತ್ತು ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು. ಕೈ ಚಾಚಿ ಏನೇನು ಸಿಗುತ್ತದೆ ಅಂತ ತಡವಿದಳು. ಆಮೇಲೆ ದಿಂಬು ಒರಗಿಸಿಕೊಂಡು ಕೂತು ಮತ್ತೆ ಅದನ್ನೇ ಮಾಡಿದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

ಅಜ್ಜಿ ಒಳಗೆ ಇಣುಕಿ ಗಾಬರಿಯಾದಳು. "ಅಯ್ಯೋ, ಏನಾಯ್ತೇ ಜಯಾ? ತಲೆ ಸುತ್ತು ಬಂತಾ?"

"ಏನಿಲ್ಲ ಅತ್ತೆ," ಅಂದಳು ಅಮ್ಮ ಮಲಗಿಕೊಂಡೇ. "ಈ ಮನೇನ ನಿಂತಿರೋರಿಗೆ ಕಟ್ಟಿದ್ದಾರೆ. ಕ್ಯಾಲೆಂಡರ್ ಮೇಲೆ, ಕನ್ನಡಿ ಮೇಲೆ, ಕಿಟಕಿನೂ ಮೇಲೆ. ಮಲಗಿರೋನಿಗೆ ಕಾಣೋದು ಜೇಡರ ಬಲೆ ಒಂದೇ."

ಅಂದೇ ಸಂಜೆ ಹೊಲಿಗೆ ಮೆಷಿನ್ನು ಕೋಣೆಯಿಂದ ಜಗಲಿಗೆ ಹೋಯಿತು. ಮಳೆ ಎರಚಲು ಬೀಳದ ಹಾಗೆ ಅಪ್ಪ ಅದರ ಮೇಲೆ ಟಾರ್ಪಾಲು ಕಟ್ಟಿದ. ಕೋಣೆಗೆ ಸುಣ್ಣ ಬಳಿದು ನನ್ನ ಮಂಚವನ್ನು ಅಲ್ಲಿಗೆ ತಂದರು. ನೆಲದಿಂದ ಒಂದು ಗೇಣು ಮೇಲಿಂದ ಶುರುವಾಗಿ ಅಮ್ಮನ ಸೊಂಟದ ಎತ್ತರದವರೆಗೆ ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದರು. ನಿಂತವರು ಬರೆಯಬೇಕಾದರೆ ಬಗ್ಗಬೇಕು, ಕೂತ ನನಗೆ ಮಾತ್ರ ಅದು ಸರಿಯಾದ ಎತ್ತರ. ಕ್ಯಾಲೆಂಡರ್ ಕೆಳಗಿಳಿಯಿತು. ಕನ್ನಡಿ ಕೆಳಗಿಳಿಯಿತು. ದೊಡ್ಡವರು ಯಾರಾದರೂ ಕೋಣೆಗೆ ಬಂದರೆ ನೆಲದ ಮೇಲೆ ಕೂರದೆ ಅವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಮಂಚದ ವಿಷಯಕ್ಕೆ ಮಾತ್ರ ಸ್ವಲ್ಪ ಕಷ್ಟವಾಯಿತು. ನನ್ನನ್ನು ಮಲಗಿಸಿದ್ದು ಅಜ್ಜಿಯ ಮದುವೆಯ ಮಂಚದ ಮೇಲೆ. ಅದು ಎಷ್ಟು ಎತ್ತರ ಅಂದರೆ, ಹತ್ತಬೇಕಾದರೆ ಮಂಜಿಗೆ ಸ್ಟೂಲು ಬೇಕಿತ್ತು. ಅಮ್ಮ ಬಯಸಿದ್ದು ಮಂಚ ಬೋರ್ಡಿನ ಮಟ್ಟಕ್ಕೆ ಬರಲಿ, ಮಂಜಿಯೂ ಪಕ್ಕದಲ್ಲಿ ಕೂತು ಬರೆಯಲಿ ಅಂತ. ಅದನ್ನು ಬಾಯಿ ಬಿಟ್ಟು ಹೇಳಲು ಅವಳಿಗೆ ಧೈರ್ಯ ಬರಲಿಲ್ಲ. ಅಪ್ಪನೇ ತಲೆ ಕೆರೆದುಕೊಳ್ಳುತ್ತಾ ಕೇಳಿದ.

"ಅವ್ವಾ, ಮಂಚದ ಕಾಲು ಒಂದಡಿ ಕಮ್ಮಿ ಮಾಡ್ಲಾ?"

"ಕೊಯ್ತೀಯಾ? ನಮ್ಮಪ್ಪ ಬೀಟೆ ಮರದಲ್ಲಿ ಮಾಡ್ಸಿಕೊಟ್ಟ ಮಂಚಾನಾ?" ಅಜ್ಜಿ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಎಷ್ಟೋ ಹೊತ್ತು ಬರಲಿಲ್ಲ. ಬಂದವಳು ಮಂಚದ ಮೇಲೆ ನನ್ನ ಪಕ್ಕ ಕೂತು, ಪ್ಲಾಸ್ಟರಿನ ಮೇಲೆ ಕೈಯಾಡಿಸಿ, ಅಪ್ಪನತ್ತ ನೋಡದೆಯೇ ಅಂದಳು. "ಕೊಯ್ಯಪ್ಪ ಅತ್ಲಾಗೆ. ನಂಗೂ ವಯಸ್ಸಾಯ್ತು, ಅಷ್ಟೆತ್ರ ಯಾಕೆ. ಸಮವಾಗಿ ಕೊಯ್ಯಿ, ಕುಂಟಬಾರ್ದು."

ಹಾಗಂದ ಮೇಲೆ ತಾನೇನು ಅಂದೆ ಎಂದು ಅವಳಿಗೆ ಹೊಳೆದು ಸೆರಗು ಬಾಯಿಗೆ ಒತ್ತಿಕೊಂಡಳು.

ಅಪ್ಪನ ಪಾಲಿಗೆ ಬಂದದ್ದು ಮೇಜು. ನನ್ನ ಕಾಲುಗಳು ಅಷ್ಟಗಲ ಚಾಚಿಕೊಂಡಿದ್ದರಿಂದ ಯಾವ ಮೇಜೂ ನನ್ನ ಹತ್ತಿರ ಬರುತ್ತಿರಲಿಲ್ಲ. ವಾರದ ರಜೆಯ ದಿನ ಅಪ್ಪ ನನ್ನನ್ನು ಕೂರಿಸಿ ಅಳತೆ ತೆಗೆದ. ಈ ಪ್ಲಾಸ್ಟರಿನಿಂದ ಆ ಪ್ಲಾಸ್ಟರಿಗೆ ಎಷ್ಟು, ಹೊಟ್ಟೆಯಿಂದ ಕೋಲಿಗೆ ಎಷ್ಟು ಅಂತ. ಹಳೆಯ ಬಾಗಿಲ ಹಲಗೆಯನ್ನು ಕೊಯ್ದು, ನನ್ನ ಹೊಟ್ಟೆ ಕೂರುವ ಕಡೆ ಅರ್ಧ ಚಂದ್ರದ ಆಕಾರ ತೆಗೆದು, ಕಾಲುಗಳ ಆಚೀಚೆ ಸೇತುವೆಯ ಹಾಗೆ ನಿಲ್ಲುವಂತೆ ಮಾಡಿದ. ಅಂಚನ್ನೆಲ್ಲ ಮರಳು ಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡಿ, "ಕೈ ಹಾಕಿ ನೋಡು, ಒಂದು ಸಿಬಿರು ಸಿಕ್ರೆ ಹೇಳು," ಅಂದ. ನಾನು ಹುಡುಕಿದೆ. ಸಿಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಪಾಠ ಶುರುವಾಯಿತು. ಮೊದಲ ಹತ್ತು ಹನ್ನೆರಡು ದಿನ ಅದು ಪೂರ್ತಿ ಕೆಟ್ಟುಹೋಯಿತು ಅಂತಲೇ ಹೇಳಬೇಕು. ಅಮ್ಮನಿಗೆ ಗೊತ್ತಿದ್ದದ್ದು ಒಂದೇ ಶಾಲೆ, ತಾನು ಓದಿದ ಶಾಲೆ. ಅದನ್ನೇ ಮನೆಗೆ ತಂದಳು. ಗೋಡೆಗೆ ಟೈಮ್ ಟೇಬಲ್ ಅಂಟಿಸಿದಳು. ಹತ್ತಕ್ಕೆ ಕನ್ನಡ, ಹನ್ನೊಂದಕ್ಕೆ ಗಣಿತ. ಪೂಜೆಯ ಗಂಟೆಯೇ ಶಾಲೆಯ ಬೆಲ್ಲು. ಮಗ್ಗಿ ತಪ್ಪಿದರೆ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಒಂದೇಟು. ಸಂಜೆಯ ಪಾಠದ ಹೊತ್ತಿಗೆ, ಶಾಲೆ ಬಿಟ್ಟು ಬಂದ ಹುಡುಗರು ಹೊರಗೆ ಲಗೋರಿ ಕಲ್ಲು ಬೀಳಿಸಿ ಕೂಗುವುದು ಕೇಳಿಸುತ್ತಿತ್ತು. ಏಳರ ಮಗ್ಗಿ ಮೂರನೇ ಸಲ ತಪ್ಪಿದ ದಿನ ನಾನು ಸ್ಲೇಟನ್ನು ಎತ್ತಿ ಗೋಡೆಗೆ ಎಸೆದೆ. ಅದು ಎರಡು ಚೂರಾಗಿ ಬಿತ್ತು.

"ನೀನು ಮಿಸ್ಸಲ್ಲ! ನೀನು ಟೈಲರು!" ಅಂತ ಕಿರುಚಿದೆ.

ಅಮ್ಮ ಹೊಡೆಯಲಿಲ್ಲ. ಚೂರುಗಳನ್ನು ಆರಿಸಿದಳು. ಜಗಲಿಗೆ ಹೋದಳು. ಮೆಷಿನ್ ಪೆಡಲಿನ ಸದ್ದು ಬರಬಹುದೆಂದು ಕಾದೆ, ಬರಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ನಾನು ಮೊದಲು ಕೇಳಿದ್ದೇ ಇಲ್ಲ. ಕೇಳಿದ್ದು ಅಂತಲೇ ಹೇಳಬೇಕು, ಯಾಕೆಂದರೆ ನನಗೆ ಜಗಲಿ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಟೈಮ್ ಟೇಬಲ್ ಗೋಡೆಯ ಮೇಲಿರಲಿಲ್ಲ. ಅಮ್ಮ ಮಂಚದ ಮೇಲೆ ನನ್ನ ಎದುರು ಕಾಲು ಮಡಚಿ ಕೂತಳು.

"ನೀನು ಹೇಳಿದ್ದು ಸರಿ ಕಣೋ. ನಾನು ಮಿಸ್ಸಲ್ಲ. ನಂಗೆ ಅರ್ಧಕ್ಕರ್ಧ ಗೊತ್ತೂ ಇಲ್ಲ. ಹೇಳು, ನಿಂಗೇನು ತಿಳ್ಕೋಬೇಕು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿ ಹೇಳಿದೆ. "ನನ್ನ ಕಾಲೊಳಗೆ ಏನಾಗ್ತಾ ಇದೆ?"

ಅಮ್ಮ ಬೀರುವಿನಿಂದ ಎಕ್ಸ್‌ರೇ ತೆಗೆದು ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಕಿಟಕಿಯ ಸರಳಿಗೆ ಸಿಕ್ಕಿಸಿದಳು. ಹೊರಗಿನ ಬಿಸಿಲು ನನ್ನ ಮೂಳೆಗಳ ಮೂಲಕ ಒಳಗೆ ಬಂತು. ಮಂಜಿಯೂ ಬಂದು ಕೂತಳು. ಬಲಗಡೆ ಮೂಳೆಯ ತಲೆ ದುಂಡಗಿತ್ತು, ಎಡಗಡೆಯದು ಒತ್ತಿದ ಲಡ್ಡಿನ ಹಾಗೆ. ನಾವು ಅದನ್ನು ನೋಡಿ ಬೋರ್ಡಿನ ಮೇಲೆ ಚಿತ್ರ ಬರೆದೆವು. "ರಕ್ತ ಯಾಕೆ ಹೋಗ್ತಿಲ್ಲ?" ಅಂದೆ. "ಗೊತ್ತಿಲ್ಲ," ಅಂದಳು ಅಮ್ಮ. "ರಕ್ತ ಹೋದ್ರೆ ಮೂಳೆ ಹೆಂಗೆ ಬೆಳೆಯುತ್ತೆ?" "ಗೊತ್ತಿಲ್ಲ. ಬರಿ, ಇದನ್ನೂ ಬರಿ." ಹೀಗೆ ಒಂದು ಹಾಳೆಯಲ್ಲಿ ಒಂಬತ್ತು ಪ್ರಶ್ನೆ ಆಯಿತು. ಕನ್ನಡದಲ್ಲಿ ನಾನೇ ಬರೆದ ಮೊದಲ ಉದ್ದನೆಯ ಬರಹ ಅದು. ಮುಂದಿನ ಸಲ ಪ್ಲಾಸ್ಟರ್ ಬದಲಾಯಿಸಲು ಹೋದಾಗ ಅಮ್ಮ ಆ ಹಾಳೆಯನ್ನು ಡಾಕ್ಟರ ಮುಂದೆ ಇಟ್ಟಳು. ಅವರು ಕನ್ನಡಕ ಏರಿಸಿಕೊಂಡು ಓದಿ, "ಇದ್ಯಾರು ಕೇಳಿರೋದು?" ಅಂದರು. ಅಮ್ಮ ನನ್ನ ಕಡೆ ಬೊಟ್ಟು ಮಾಡಿದಳು. ಹೊರಗೆ ಸಾಲು ನಿಂತಿದ್ದರೂ ಅವರು ಒಂಬತ್ತಕ್ಕೂ ಉತ್ತರ ಹೇಳಿದರು.

ಅಲ್ಲಿಂದ ಮುಂದೆ ನಮ್ಮ ಶಾಲೆಗೆ ಬೆಲ್ಲು ಇರಲಿಲ್ಲ. ಅಮ್ಮ ತನಗೆ ಗೊತ್ತಿದ್ದದ್ದನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿಕೊಟ್ಟಳು. ಅಳತೆ ಟೇಪನ್ನು ನನ್ನ ಮೇಜಿನ ಅಂಚಿಗೆ ಅಂಟಿಸಿದಳು. ಕಾಲು ಇಂಚು, ಅರ್ಧ ಇಂಚು, ಮುಕ್ಕಾಲು ಇಂಚು ನನಗೆ ಬಂದದ್ದು ಅದರಿಂದ. ಬ್ಲೌಸಿನ ತೋಳನ್ನು ಖಾಕಿ ಕಾಗದದ ಮೇಲೆ ಬರೆಯಲು ಕೊಟ್ಟು, "ಪಕ್ಕದ್ಮನೆ ಪದ್ಮಕ್ಕನ ತೋಳು ಹನ್ನೊಂದೂವರೆ ಸುತ್ತು. ಹೊಲಿಗೆಗೆ ಆಕಡೆ ಈಕಡೆ ಅರ್ಧರ್ಧ ಇಂಚು ಬಿಡು. ಬಟ್ಟೆ ಎಷ್ಟು ಬೇಕು?" ಅನ್ನುತ್ತಿದ್ದಳು. ನಾನು ತಪ್ಪು ಹೇಳಿದರೆ, "ಹಂಗೆ ಹೊಲಿದ್ರೆ ಪದ್ಮಕ್ಕನ ಕೈ ಒಳಗೆ ಹೋಗಲ್ಲ, ನೋಡ್ಕೋ," ಅಂದು ಬಿಡುತ್ತಿದ್ದಳು. ಸ್ಕೇಲಿನ ಏಟಿಗಿಂತ ಅದು ಜೋರಾಗಿ ತಾಕುತ್ತಿತ್ತು.

ಮಂಜಿಯನ್ನು ಆ ಜೂನಿನಲ್ಲಿ ಎಲ್‌ಕೆಜಿಗೆ ಸೇರಿಸಿದ್ದರು. ನಮ್ಮ ಕೋಣೆಯಲ್ಲಿ ಎಕ್ಸ್‌ರೇ, ಕತ್ತರಿ, ಬಣ್ಣದ ನೂಲಿನ ಉಂಡೆಗಳು. ಅವಳ ಶಾಲೆಯಲ್ಲಿ ಬೆರಳು ತುಟಿಯ ಮೇಲೆ. ಒಂದು ಬೆಳಿಗ್ಗೆ ಯೂನಿಫಾರ್ಮು ಹಾಕಿಕೊಂಡೇ ಮಂಚದ ಕೆಳಗೆ ನುಸುಳಿದಳು. ಎಷ್ಟು ಕರೆದರೂ ಬರಲಿಲ್ಲ. ಮಂಚ ತಗ್ಗಾಗಿದ್ದರಿಂದ ಕೈ ಹಾಕಿ ಎಳೆಯಲೂ ಆಗಲಿಲ್ಲ.

"ಅವನಿಗೆ ಕಾಲು ಅಂತ. ಇವಳಿಗೇನು ಬಂದಿರೋದು?" ಅಪ್ಪ ರೇಗಿದ. "ಜನ ಏನಂದಾರು, ಎರಡು ಮಕ್ಕಳನ್ನೂ ಮನೇಲಿ ಕೂರಿಸ್ಕೊಂಡವ್ರೆ ಅಂತ?"

ಅಮ್ಮ ನೆಲಕ್ಕೆ ಕೆನ್ನೆ ತಾಗಿಸಿ ಮಂಚದ ಕೆಳಗೆ ನೋಡುತ್ತಾ, "ಮಂಜಿ, ಇಲ್ಲೇ ಇರ್ತೀಯಾ? ಇದ್ರೆ ಕಲೀಬೇಕು ಮತ್ತೆ," ಅಂದಳು. ಒಳಗಿಂದ "ಹೂಂ" ಅಂತ ಬಂತು. ಅಷ್ಟೇ. ಆ ವರ್ಷ ಅವಳೂ ಶಾಲೆಗೆ ಹೋಗಲಿಲ್ಲ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕಾರ್ಖಾನೆಯಿಂದ ಬರುವಾಗ ಎರಡು ಸ್ಲೇಟು ತಂದು ಮೇಜಿನ ಮೇಲಿಟ್ಟು, ಕೈಕಾಲು ತೊಳೆಯಲು ಹೋದ.

ಅವರೆಕಾಯಿಯ ಕಾಲ ಬಂದಾಗ ನಮ್ಮ ಶಾಲೆಗೆ ಅಜ್ಜಿಯೂ ಸೇರಿದಳು. ಮೈಸೂರಿನ ಚಳಿಯಲ್ಲಿ ಸೊಗಡಿನ ಅವರೆಯ ವಾಸನೆ ಮೂಗಿಗೆ ಬಿದ್ದವರಿಗೆ ನಾನೇನೂ ವಿವರಿಸಬೇಕಿಲ್ಲ. ಅದು ಬೆರಳಿಗೆ ಹತ್ತಿದರೆ ಊಟ ಮಾಡಿ ಕೈ ತೊಳೆದ ಮೇಲೂ ಹೋಗುತ್ತಿರಲಿಲ್ಲ. ಅಜ್ಜಿ ಮೊರ ತುಂಬ ಕಾಯಿ ತಂದು ಮಂಚದ ಮೇಲೆ ಸುರಿದು, "ಸುಲೀರಿ, ಎಣಿಸ್ಕೊಂಡು ಸುಲೀರಿ," ಅನ್ನುವಳು. ನೆನೆಸಿದ ಕಾಳನ್ನು ಹಿತುಕುವುದೂ ನಮ್ಮದೇ ಕೆಲಸ. ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬೋರ್ಡಿಗೆ ಬಡಿಯುತ್ತಿತ್ತು. ಏಳೇಳರ ಗುಡ್ಡೆ, ಎಂಟೆಂಟರ ಗುಡ್ಡೆ. ಏಳರ ಮಗ್ಗಿ ನನಗೆ ಕಂಠಪಾಠವಾದದ್ದು ಗುಡ್ಡೆ ಹಾಕಿ ಹಾಕಿ. ಓದು ಬರಹ ಬಾರದ ಅಜ್ಜಿ ನಮಗಿಂತ ಬೇಗ ಲೆಕ್ಕ ಹೇಳುತ್ತಿದ್ದಳು. "ಎಂಗಜ್ಜೀ?" ಅಂತ ಮಂಜಿ ಅವಳ ಮಾತಿನಲ್ಲೇ ಕೇಳಿದರೆ, "ಕಣದಲ್ಲಿ ರಾಗಿ ಅಳೆದವಳು ಕಣವ್ವ ನಾನು," ಅನ್ನುವಳು. ಸಂಜೆಗೆ ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ.

ಇನ್ನೊಂದು ವಿಷಯ ನಾನು ಆಗಲೇ ಗಮನಿಸಿದ್ದೆ, ಅರ್ಥವಾದದ್ದು ಮಾತ್ರ ಆಮೇಲೆ. ಪ್ಲಾಸ್ಟರ್ ಬದಲಾಯಿಸಿ ಬಂದಾಗಲೆಲ್ಲ ಒಂದೆರಡು ದಿನ ನನ್ನನ್ನು ಬೆಳಿಗ್ಗೆ ಜಗಲಿಗೆ ಹೊತ್ತು ತಂದು, ಹಸಿ ಪ್ಲಾಸ್ಟರ್ ಒಣಗಲೆಂದು ಬಿಸಿಲಿಗೆ ಕೂರಿಸುತ್ತಿದ್ದರು. ಅಮ್ಮ ಮೆಷಿನ್ ತುಳಿಯುತ್ತಾ, ಎದುರಿಗೆ ಒರಗಿಸಿಟ್ಟ ಮೂರನೇ ಕ್ಲಾಸಿನ ಗಣಿತದ ಪುಸ್ತಕವನ್ನು ಓದುತ್ತಿದ್ದಳು. ತುಟಿ ಅಲುಗುತ್ತಿತ್ತು. ಒಮ್ಮೊಮ್ಮೆ ಪೆಡಲು ನಿಲ್ಲಿಸಿ, ಗುರುತು ಹಾಕುವ ಸೀಮೆಸುಣ್ಣದಿಂದ ಮೆಷಿನ್ನಿನ ಹಲಗೆಯ ಮೇಲೆಯೇ ಲೆಕ್ಕ ಮಾಡಿ, ಸೆರಗಿನಿಂದ ಒರೆಸಿ, ಮತ್ತೆ ಮಾಡುತ್ತಿದ್ದಳು. ನಾಳೆ ನಮಗೆ ಹೇಳಿಕೊಡಬೇಕಾದ ಪಾಠ ಅದು.

ಫೆಬ್ರವರಿಯಲ್ಲಿ ಪ್ಲಾಸ್ಟರ್ ಪೂರ್ತಿ ತೆಗೆದರು. ಮೂಳೆ ಚೆನ್ನಾಗಿ ತುಂಬಿಕೊಂಡಿದೆ ಅಂದರು. ನನ್ನ ಕಾಲುಗಳು ನುಗ್ಗೆಕಾಯಿಯಷ್ಟು ಸಪೂರವಾಗಿದ್ದವು. ಮೊದಮೊದಲು ಗೋಡೆ ಹಿಡಿದು, ಆಮೇಲೆ ಅಜ್ಜಿಯ ಭುಜ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ ನಡೆಯಲು ಎರಡು ತಿಂಗಳು ಬೇಕಾಯಿತು.

ಏಪ್ರಿಲ್‌ನಲ್ಲಿ ಹೆಡ್ ಮಿಸ್ಸು ತಾವೇ ನಮ್ಮ ಮನೆಗೆ ಬಂದರು. ಮೆಟ್ಟಿಲು ಹತ್ತಿಸುವುದು ಬೇಡ, ಅಲ್ಲೇ ಬಂದು ನೋಡುತ್ತೇನೆ ಅಂದಿದ್ದರಂತೆ. ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ನಿಂತರು. ಬೋರ್ಡಿನ ಮೇಲೆ ಬರೆದದ್ದು ಅಲ್ಲಿಂದ ಕಾಣಲಿಲ್ಲ. ಸೀರೆ ಸರಿಮಾಡಿಕೊಂಡು ನೆಲದ ಮೇಲೆ ಕೂತರು. ಆಗ ಸುತ್ತಲೂ ನೋಡಿ, "ಓ," ಅಂದರು.

ಪೇಪರ್ ಓದಿಸಿದರು. ಉಕ್ತಲೇಖನ ಬರೆಸಿದರು. ಗುಣಾಕಾರ, ಭಾಗಾಕಾರ ಮಾಡಿಸಿದರು. ಇಂಗ್ಲಿಷಿನಲ್ಲಿ ಮಾತ್ರ ಸ್ವಲ್ಪ ತಡವರಿಸಿದೆ. ಆಮೇಲೆ ಅವರು ಅಮ್ಮನ ಕಡೆ ತಿರುಗಿದರು.

"ನೀವೇನು ಓದಿದ್ದೀರಮ್ಮ?"

"ಎಸ್ಸೆಸ್ಸೆಲ್ಸಿ ಮಿಸ್." ಅಮ್ಮ ಸೇರಿಸಿದಳು. "ಗಣಿತದಲ್ಲಿ ಎರಡು ಸಲ ಫೇಲು. ಮೂರನೇ ಸಲಕ್ಕೆ ಪಾಸಾಗಿದ್ದು."

ನಾನು ಬೆರಗಾಗಿ ಅವಳನ್ನು ನೋಡಿದೆ. ಅದು ನನಗೆ ಗೊತ್ತೇ ಇರಲಿಲ್ಲ.

ಹೆಡ್ ಮಿಸ್ಸು ನಗಲಿಲ್ಲ. ನನ್ನ ಭಾಗಾಕಾರದ ಹಾಳೆಯನ್ನು ಇನ್ನೊಮ್ಮೆ ನೋಡಿ, "ನಾಲ್ಕನೇ ಕ್ಲಾಸಿಗೆ ಕಳ್ಸಿ. ಈ ವರ್ಷ ಆ ಕ್ಲಾಸನ್ನ ಕೆಳಗಡೆ ಮಾಡ್ತೀನಿ," ಅಂದರು. ಹೊರಡುವಾಗ ಜಗಲಿಯಲ್ಲಿ ಅಮ್ಮನ ಕೈ ಹಿಡಿದುಕೊಂಡು ಏನೋ ಹೇಳಿದರು. ಏನೆಂದು ಅಮ್ಮ ಯಾವತ್ತೂ ಹೇಳಿಲ್ಲ.

ಇಲ್ಲಿಗೆ ಮುಗಿದಿದ್ದರೆ ಸುಖವಾಗಿರುತ್ತಿತ್ತು. ಜೂನ್ ಬಂತು, ಹೊಸ ಚೀಲ ಬಂತು. ನನಗೆ ಶಾಲೆಗೆ ಹೋಗುವ ಮನಸ್ಸೇ ಇರಲಿಲ್ಲ. ಒಂದು ವರ್ಷ ನನ್ನ ಪ್ರಶ್ನೆಗಳಿಂದಲೇ ದಿನ ಶುರುವಾಗುತ್ತಿತ್ತು. ಈಗ ಐವತ್ತು ಜನರ ನಡುವೆ ಬೆರಳು ತುಟಿಯ ಮೇಲಿಟ್ಟು ಕೂರುವುದೇ? ಹುಡುಗರು ನನ್ನ ನಡಿಗೆ ನೋಡಿ ಏನನ್ನುತ್ತಾರೋ ಎಂಬ ಭಯವೂ ಇತ್ತು. ಶಾಲೆಗೆ ಎರಡು ದಿನ ಇರುವಾಗ ಮಂಚದಿಂದ ಏಳುತ್ತಾ, "ಅಮ್ಮಾ, ಕಾಲು ನೋಯ್ತಿದೆ," ಅಂದೆ. ಹಲ್ಲು ಕಚ್ಚಿಕೊಂಡು ಅಡುಗೆಮನೆಯವರೆಗೆ ಕುಂಟಿ ತೋರಿಸಿದೆ. ಅಜ್ಜಿ "ಅಯ್ಯೋ ನನ್ ಕಂದ" ಅಂತ ಓಡಿಬಂದಳು. ಅಪ್ಪನ ಮುಖ ಕಪ್ಪಿಟ್ಟಿತು.

ಅಮ್ಮ ಒಲೆಯ ಮುಂದಿನಿಂದ ಏಳದೆ ನನ್ನನ್ನೇ ನೋಡಿದಳು.

"ಯಾವ ಕಾಲೋ?"

"ಎಡಗಾಲು."

"ಮತ್ತೆ ಬಲಗಾಲು ಯಾಕೆ ಕುಂಟ್ತಾ ಇದೆ?"

ಅಲ್ಲೇ ನಿಂತುಬಿಟ್ಟೆ. ಬೈಯುತ್ತಾಳೆ ಅಂದುಕೊಂಡೆ. ಅಮ್ಮ ರೊಟ್ಟಿ ಮಗುಚಿ ಹಾಕಿದಳು.

ಮರುದಿನ ಬೆಳಿಗ್ಗೆ ಎದ್ದಾಗ ನನ್ನ ಮೇಜು ಕೋಣೆಯಲ್ಲಿರಲಿಲ್ಲ. ಅಮ್ಮ ಸುಣ್ಣದ ಬಕೆಟ್ಟು ಇಟ್ಟುಕೊಂಡು ಬೋರ್ಡಿನ ಮೇಲೆ ಬಳಿಯುತ್ತಿದ್ದಳು. ಕಪ್ಪು ಬಣ್ಣ ಸುಣ್ಣದೊಳಗಿಂದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅವಳು ಒಣಗಲು ಬಿಟ್ಟು ಇನ್ನೊಂದು ಸಲ ಬಳಿದಳು, ಮತ್ತೊಂದು ಸಲ ಬಳಿದಳು. ನಾನು ಅತ್ತೆ. ನೆಲಕ್ಕೆ ಕೈ ಬಡಿದು ಅತ್ತೆ.

"ಒಂದು ತಿಂಗ್ಳು ಇರ್ಲಿ ಬುಡೇ ಜಯಾ," ಅಂದ ಅಪ್ಪ. ಯಾವತ್ತೂ ಅಷ್ಟು ಮೆತ್ತಗೆ ಮಾತಾಡಿದವನಲ್ಲ. "ನಿಧಾನಕ್ಕೆ ಹೋಗ್ತಾನೆ."

"ಇಲ್ಲ ಕಣ್ರೀ." ಅಮ್ಮ ಗೋಡೆಯ ಕಡೆಯೇ ಮುಖ ಮಾಡಿಕೊಂಡಿದ್ದಳು. "ಈ ರೂಮು ಮಾಡಿದ್ದು ಅವನು ಹೊರಗೆ ಹೋಗ್ಲಿ ಅಂತ. ಒಳಗೇ ಇರ್ಲಿ ಅಂತಲ್ಲ. ಇದಕ್ಕೋಸ್ಕರ ಅವನು ಕಾಲು ನೋಯುತ್ತೆ ಅಂತ ಸುಳ್ಳು ಹೇಳ್ತಾನೆ ಅಂದ್ರೆ, ರೂಮೇ ಅವನ ಕಾಲಿಗೆ ಪ್ಲಾಸ್ಟರ್ ಆಗ್ಬುಟ್ಟಿದೆ."

ಆಮೇಲೆ ನನ್ನ ಕಡೆ ತಿರುಗಿದಳು. ಮುಖದ ಮೇಲೆಲ್ಲ ಸುಣ್ಣದ ಹನಿ. "ಬಾ, ಮೆಷಿನ್ ಒಳಗೆ ತರಬೇಕು. ಒಂದು ಕಡೆ ಹಿಡ್ಕೋ," ಅಂದಳು. ನಾನು ಹೋಗಲಿಲ್ಲ. ಅಪ್ಪನೇ ಹಿಡಿದ. ಬಾಬಿನ್ನಿನ ಡಬ್ಬಿ ಎತ್ತಿಕೊಂಡು ಮಂಜಿ ಹಿಂದೆ ಹಿಂದೆ ಹೋದಳು.

ಶಾಲೆಯ ಮೊದಲ ದಿನ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ನಡೆದಳು. ನಾನು ಅವಳ ಕೈ ಹಿಡಿಯಲಿಲ್ಲ. ಗೇಟಿನ ಹತ್ತಿರ ಬಂದದ್ದೇ ಮಂಜಿ ನಮ್ಮನ್ನು ಬಿಟ್ಟು ಒಳಗೆ ಓಡಿಹೋದಳು. ನಾನು ನಿಂತೆ. ಹಿಂದೆ ತಿರುಗಿದರೆ ಅಮ್ಮ ಮನೆಗೆ ಕರೆದುಕೊಂಡು ಹೋಗಿಯೇ ಬಿಡುತ್ತಾಳೆ ಎಂದು ಗೊತ್ತಿತ್ತು. ಅವಳಿಗೂ ಅದು ಗೊತ್ತಿದ್ದಿರಬೇಕು. ನಾನು ತಿರುಗುವ ಮೊದಲೇ ಅವಳು ಬೆನ್ನು ಹಾಕಿ ನಡೆದಿದ್ದಳು. ಕ್ಲಾಸಿನಲ್ಲಿ ಒಬ್ಬ ಹುಡುಗ ನಿಜವಾಗಿಯೂ ಕುಂಟ ಅಂದ. ನಾನು ಅವನಿಗೆ ತೊಡೆ ಮೂಳೆಯ ತಲೆ, ರಕ್ತ, ಕೀಲು ಎಲ್ಲ ವಿವರಿಸಿದೆ. ಊಟದ ಹೊತ್ತಿಗೆ ಐದಾರು ಹುಡುಗರು ನನ್ನ ಸುತ್ತ ಕೂತು, "ಎಕ್ಸ್‌ರೇ ತಂದು ತೋರಿಸ್ತೀಯೇನೋ?" ಅಂತ ಕೇಳುತ್ತಿದ್ದರು.

ಅಮ್ಮನ ಮೇಲಿನ ಸಿಟ್ಟು ಮಾತ್ರ ಒಂದು ವಾರ ಇತ್ತು.

ಈಗ ಆ ಮನೆಯಿಲ್ಲ. ಅದಿದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಬಂದಿದೆ, ಕೆಳಗೆ ಮೊಬೈಲ್ ಅಂಗಡಿ. ನಾನು ರಾಜೀವನಗರದ ಕಡೆ ಮನೆ ಮಾಡಿದ್ದೇನೆ. ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ. ಅಜ್ಜಿ ಹೋಗಿ ಹತ್ತು ವರ್ಷವಾಯಿತು. ನನ್ನ ಮಗಳು ಒಂದನೇ ಕ್ಲಾಸು. ಅವಳಿಗೊಂದು ಗುಲಾಬಿ ಬಣ್ಣದ ಓದುವ ಮೇಜಿದೆ, ದೀಪವಿದೆ, ಪಾಠ ಹೇಳಿಕೊಡುವ ಆ್ಯಪ್ ಇದೆ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ ಕೇಳುತ್ತೇನೆ, "ಹೋಂವರ್ಕ್ ಆಯ್ತಾ?" ದಿನಕ್ಕೆ ನಾನು ಅವಳನ್ನು ಕೇಳುವ ಪ್ರಶ್ನೆ ಅದೊಂದೇ ಎಂದು ಮೊನ್ನೆ ಹೊಳೆದು ನಾಚಿಕೆಯಾಯಿತು. ಅವಳೇನಾದರೂ ಕೇಳಿದರೆ ಫೋನು ಕೈಗೆ ಕೊಡುತ್ತೇನೆ. ಉತ್ತರ ತಕ್ಷಣ ಸಿಗುತ್ತದೆ. ಗೊತ್ತಿಲ್ಲದೆ ಇಬ್ಬರು ಜೊತೆಯಲ್ಲಿ ಕೂತಿರುವುದು ಇಲ್ಲವಾಗಿದೆ. ಕಳೆದದ್ದು ಎಂದರೆ ಅದೇ. ಮನೆ ಹೋದದ್ದಕ್ಕಿಂತ ದೊಡ್ಡದಾಗಿ ನನಗೆ ಅದು ಕಾಣುತ್ತದೆ.

ಮೊನ್ನೆ ಭಾನುವಾರ ಅಮ್ಮನನ್ನು ಕೇಳಿದೆ. "ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮ ಆಗ?"

ಅವಳು ಸೊಪ್ಪು ಬಿಡಿಸುತ್ತಿದ್ದವಳು ಕತ್ತೆತ್ತಿದಳು. "ಧೈರ್ಯ ಎಲ್ಲಿತ್ತೋ? ದಿನಾ ಭಯ. ನಂಗಾಗ ಇಪ್ಪತ್ತೇಳು ವರ್ಷ ಕಣೋ."

ನಾನು ಲೆಕ್ಕ ಹಾಕಿದೆ. ಆ ವರ್ಷದ ನನ್ನ ಅಮ್ಮನಿಗಿಂತ ನಾನೀಗ ಆರು ವರ್ಷ ದೊಡ್ಡವನು.